ಮಂಜಿಗೆ ಗೊತ್ತಿಲ್ಲ ಬಸ್ಸಿನ ವೇಳಾಪಟ್ಟಿ

ಥಂಡಿ ದಿನಗಳು ಬಂದವೆಂದರೆ ದಾಂಡೇಲಿ ಸೀಮೆಯಲ್ಲಿ ಗಡಿಯಾರದ ಬೆಳಗು ಒಂದು, ಕಣ್ಣಿಗೆ ಕಾಣುವ ಬೆಳಗು ಇನ್ನೊಂದು. ಗಡಿಯಾರ ಆರು ಹೊಡೆದರೂ ಕಾಳಿ ನದಿಯ ಮಗ್ಗುಲಿನ ಕೋಗಿಲಬನದಂಥ ಊರುಗಳಲ್ಲಿ ಎದುರು ಮನೆಯ ಹಂಚು ಕಾಣುವುದಿಲ್ಲ. ಎಂಟು, ಕೆಲವು ದಿನ ಎಂಟೂವರೆ ಆಗಬೇಕು, ಮಂಜು ಮೇಲೇಳಲು. ಆದರೆ ಊರಿನ ವ್ಯವಹಾರ ಅಲ್ಲಿತನಕ ಕಾಯುತ್ತದೆಯೇ? ಹಾಲಿನ ಗಾಡಿ, ಪೇಪರ್ ಹಾಕುವ ಹುಡುಗರು, ಕಾಗದ ಕಾರ್ಖಾನೆಯ ಪಾಳಿಗೆ ಹೊರಟ ಕಾರ್ಮಿಕರು, ಧಾರವಾಡ ಹುಬ್ಬಳ್ಳಿ ಕಡೆ ಹೋಗುವ ನೌಕರರು, ಶಾಲೆ ಕಾಲೇಜಿನ ಮಕ್ಕಳು, ಸಂತೆಗೆ ಹೊರಟ ಕಾಯಿಪಲ್ಲೆ ಲಾರಿ, ಇವೆಲ್ಲ ರಸ್ತೆಗಿಳಿಯುವುದು ಇದೇ ಎರಡೂವರೆ ತಾಸಿನಲ್ಲಿ. ಜಿಲ್ಲೆಯಲ್ಲಿ ಮಳೆಗಾಲದ ರಸ್ತೆ ಬಗ್ಗೆ ಕೂಗಾಡುವವರು ಬಹಳ. ಗುಂಡಿ ಬಿದ್ದರೆ ಮನವಿ, ಗುಡ್ಡ ಕುಸಿದರೆ ಧರಣಿ. ಥಂಡಿ ಕಾಲದ ರಸ್ತೆ ಬಗ್ಗೆ ಮಾತ್ರ ಯಾರದೂ ಸುದ್ದಿಯಿಲ್ಲ. ಮಳೆ ನಿಂತಿತು, ಡಾಂಬರು ಒಣಗಿತು, ಇನ್ನೇನು ಭಯ ಎಂಬುದು ಸರ್ವರ ಅಂಬೋಣ. ಈ ಧೈರ್ಯವೇ ದುಬಾರಿ ಬೀಳುತ್ತಿದೆ.

ಅರಬೈಲ್ ಘಟ್ಟದ ಆ ಬುಧವಾರ

ದೂರದ ಉದಾಹರಣೆ ಬೇಕಿಲ್ಲ. 2025ರ ಜನವರಿ 22, ಬುಧವಾರ, ಬೆಳಗಿನ ಜಾವ ಸುಮಾರು ಐದೂವರೆ. ಹಾವೇರಿ ಜಿಲ್ಲೆಯ ಸವಣೂರಿನಿಂದ ಹಣ್ಣು, ಕಾಯಿಪಲ್ಲೆ ತುಂಬಿಕೊಂಡು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದ ಗುಳ್ಳಾಪುರ ಬಳಿ ಸುಮಾರು 50 ಮೀಟರ್ ಆಳದ ಕಣಿವೆಗೆ ಉರುಳಿತು. ಲಾರಿಯಲ್ಲಿ ಸರಕಿನ ಜೊತೆಗೆ ಇಪ್ಪತ್ತೈದಕ್ಕೂ ಹೆಚ್ಚು ಜನ ವ್ಯಾಪಾರಸ್ಥರಿದ್ದರು. ಹತ್ತು ಮಂದಿಯ ಪ್ರಾಣ ಹೋಯಿತು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಚಾಲಕ ಎಡಕ್ಕೆ ಸರಿದಾಗ ಲಾರಿ ರಸ್ತೆ ಬಿಟ್ಟು ಇಳಿಯಿತೆಂದೂ, ಕಣಿವೆ ಬದಿಗೆ ತಡೆಗೋಡೆ ಇರಲಿಲ್ಲವೆಂದೂ ಪೊಲೀಸರೇ ಆಗ ಹೇಳಿದ್ದರು. ಕೇಂದ್ರ, ರಾಜ್ಯ ಸರಕಾರಗಳು ಪರಿಹಾರ ಘೋಷಿಸಿದವು. ಮುಖಂಡರು ಸಂತಾಪ ಸೂಚಿಸಿದರು. ಮುಂದಿನ ಬುಧವಾರ ಕುಮಟಾದಲ್ಲಿ ಸಂತೆ ದಿನ ಬಂದೇ ಬಂತು.

ಈ ಅಪಘಾತವನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಎಳೆಗಳು ಸಿಗುತ್ತವೆ. ಒಂದು, ಹೊತ್ತು. ರಾತ್ರಿಯೆಲ್ಲ ಗಾಡಿ ಓಡಿಸಿದವನ ಕಣ್ಣು ಬಾಡುವುದು, ಹೊರಗಿನ ಬೆಳಕು ಇನ್ನೂ ಹುಟ್ಟದಿರುವುದು, ಎರಡೂ ಒಂದೇ ಗಳಿಗೆಯಲ್ಲಿ ಕೂಡುವ ಹೊತ್ತು ಅದು. ಎರಡು, ರಸ್ತೆ. ಅಂಚು ಕಾಣದ, ಗೋಡೆಯಿಲ್ಲದ ತಿರುವು. ಮೂರು, ಗಾಡಿ. ಸರಕಿಗೆಂದು ಮಾಡಿದ ಲಾರಿಯಲ್ಲಿ ಮೂಟೆಗಳ ಮೇಲೆ ಮನುಷ್ಯರು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಸಂತೆ ತುಂಬುವ ಮೊದಲು ಮುಟ್ಟಬೇಕೆಂಬ ಅವಸರ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ರಸ್ತೆಗಳ ಮೇಲೆ ಈ ನಾಲ್ಕೂ ಎಳೆಗಳು ಪ್ರತಿ ಚಳಿಗಾಲವೂ ಹಾಸಿಕೊಂಡೇ ಇರುತ್ತವೆ. ಗಂಟು ಬೀಳುವುದು ಯಾವ ದಿನ, ಯಾರ ಗಾಡಿಗೆ ಎಂಬುದಷ್ಟೇ ಉಳಿದ ಪ್ರಶ್ನೆ.

ಮಂಜು ಎಲ್ಲಿ ಕೂಡುತ್ತದೆ?

ಮಂಜು ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಆಕಾಶ ನಿಚ್ಚಳವಾಗಿರುತ್ತದೆ. ಹಗಲು ಕಾದ ನೆಲ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಭಾರ, ಅದು ಗುಡ್ಡದ ಮೈ ಹಿಡಿದು ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ನದಿಯದೋ ಜಲಾಶಯದ್ದೋ ತೇವ ಇದ್ದರೆ ಆ ತೇವವೇ ಸಣ್ಣ ಸಣ್ಣ ಹನಿಯಾಗಿ ಗಾಳಿಯಲ್ಲಿ ತೂಗುತ್ತದೆ. ಕಾಳಿ ನದಿಗೆ ಗಣೇಶಗುಡಿಯಲ್ಲಿ ಸೂಪಾ, ಅಂಬಿಕಾನಗರದ ಕಡೆ ಬೊಮ್ಮನಹಳ್ಳಿ, ಹೀಗೆ ಸಾಲು ಜಲಾಶಯಗಳು. ಸುತ್ತ ಕಾಡು, ನಡುವೆ ಕಣಿವೆ. ಮಂಜು ಕೂಡಲು ಇದಕ್ಕಿಂತ ಒಳ್ಳೇ ಜಾಗ ಬೇಕೆ?

ಆದುದರಿಂದ ದಾಂಡೇಲಿಯಿಂದ ಜೋಯಿಡಾ, ಅಂಬಿಕಾನಗರ, ಹಳಿಯಾಳ ಯಾವ ಕಡೆ ಹೊರಟರೂ ರಸ್ತೆ ಒಂದು ಕಡೆ ಬೆಳ್ಳಗೆ ತೆರೆದಿರುತ್ತದೆ. ಮುಂದಿನ ಇಳುಕಲಿನಲ್ಲಿ, ಹಳ್ಳದ ಸೇತುವೆ ಬಳಿ, ಗದ್ದೆ ಬಯಲಿನಲ್ಲಿ ಒಮ್ಮೆಲೇ ಹತ್ತಿ ಮೂಟೆ ಹರಿದಂತೆ ಮಂಜು. ಅಪಾಯ ಇರುವುದು ಇದರಲ್ಲೇ. ಇಡೀ ದಾರಿ ಮಂಜಿದ್ದರೆ ಚಾಲಕ ತಾನಾಗಿಯೇ ನಿಧಾನ ಹೋಗುತ್ತಾನೆ. ತೆರೆದ ರಸ್ತೆಯ ವೇಗದಲ್ಲೇ ಮಂಜಿನ ತುಂಡಿಗೆ ನುಗ್ಗಿದಾಗ ಮುಂದೆ ನಿಂತ ಗಾಡಿ ಕಾಣುವುದು ಬಡಿಯುವ ಹೊತ್ತಿಗೆ. ಇದರ ಮೇಲೆ ದರಕಿಗೆ ಹಚ್ಚಿದ ಬೆಂಕಿಯ ಹೊಗೆ, ರಸ್ತೆ ಬದಿ ಮೈ ಕಾಯಿಸಿಕೊಳ್ಳುವವರ ಹೊಗೆ ಸೇರಿದರೆ ಮಂಜು ಇನ್ನೂ ಗಟ್ಟಿ. ಡಾಂಬರಿನ ಮೇಲೆ ರಾತ್ರಿ ಬಿದ್ದ ಇಬ್ಬನಿಗೆ ಧೂಳು, ಎಣ್ಣೆಯ ಜಿಡ್ಡು ಕೂಡಿದರೆ ಮಳೆ ಇಲ್ಲದೆಯೂ ಗಾಲಿ ಜಾರುತ್ತದೆ.

ದೇಶದ ಲೆಕ್ಕ ನೋಡಿದರೆ ಇದು ಸಣ್ಣ ಮಾತಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಮಂಜು ಕವಿದ ಹವೆಯಲ್ಲಾದ ಅಪಘಾತಗಳ ಪಾಲು 14 ಸಾವಿರಕ್ಕೂ ಮೇಲೆ. ಉತ್ತರ ಭಾರತದಲ್ಲಿ ದಿಲ್ಲಿ ಆಗ್ರಾ ನಡುವಿನ ಯಮುನಾ ಹೆದ್ದಾರಿಯಲ್ಲಿ ಚಳಿಗಾಲಕ್ಕೇ ಬೇರೆ ವೇಗಮಿತಿ ಹಾಕುವ ಪದ್ಧತಿ ಬಂದಿದೆ. ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನ ತನಕ ಕಾರುಗಳಿಗೆ ಗಂಟೆಗೆ 100ರ ಬದಲು 75 ಕಿಲೋಮೀಟರ್, ಭಾರಿ ವಾಹನಗಳಿಗೆ 60. ಆರು ಪಥದ ನೇರ ರಸ್ತೆಗೇ ಈ ಎಚ್ಚರಿಕೆ ಬೇಕೆಂದರೆ, ಎರಡು ಬಸ್ಸು ಎದುರಾದರೆ ಮಣ್ಣಿಗೆ ಇಳಿಯಬೇಕಾದ ಕಾಡು ರಸ್ತೆಗೆ ಎಷ್ಟು ಬೇಕು?

ಬಸ್ಸಿನ ಉದ್ದದ ಲೆಕ್ಕ

ನಿಧಾನ ಹೋಗಿರಿ ಎಂಬ ಬೋರ್ಡು ಎಲ್ಲರೂ ಓದುತ್ತಾರೆ. ನಿಧಾನ ಎಂದರೆ ಎಷ್ಟು? ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಬಸ್ಸಿನ ಅಳತೆಯಲ್ಲೇ ಹೇಳಬಹುದು. ಒಂದು ಬಸ್ಸಿನ ಉದ್ದ ಹತ್ತಿರ ಹತ್ತಿರ 12 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತದೆ. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕು ಹಿಡಿಯುವ ಮೊದಲೇ 25 ಮೀಟರ್ ಮುಗಿಯಿತು. ತೇವದ ರಸ್ತೆಯಲ್ಲಿ ಗಾಡಿ ನಿಲ್ಲಲು ಮತ್ತೆ ಸುಮಾರು 35 ಮೀಟರ್. ಒಟ್ಟು 60 ಮೀಟರ್, ಅಂದರೆ ಐದು ಬಸ್ಸಿನ ಉದ್ದ. ವೇಗ 40 ಆದರೆ ಮೂರು ಬಸ್ಸಿನ ಉದ್ದ ಸಾಕು. 30 ಆದರೆ ಎರಡಕ್ಕಿಂತ ಕಡಿಮೆ. ಭಾರ ತುಂಬಿದ ಲಾರಿಗೆ, ಸವೆದ ಟೈರಿಗೆ, ಇಳುಕಲಿಗೆ ಈ ಲೆಕ್ಕ ಇನ್ನೂ ಬೆಳೆಯುತ್ತದೆ.

ಈಗ ಕೋಗಿಲಬನದ ಕಡೆ ನಸುಕಿನಲ್ಲಿ ಬಂದು ನಿಂತು ನೋಡಬೇಕು. ಎರಡು ಬಸ್ಸಿನಷ್ಟು ದೂರ ಕಂಡರೆ ಅದು ಒಳ್ಳೆಯ ದಿನ. ಹಾಗಾದರೆ ಆ ದಿನದ ವೇಗ 30ರ ಒಳಗೆ. ಇದು ಸರಳ ಗಣಿತ. ಕಾಣುವಷ್ಟು ದೂರದಲ್ಲಿ ನಿಲ್ಲಿಸಲು ಬಾರದ ವೇಗ ಯಾವುದೇ ಇರಲಿ, ಅದು ಕಣ್ಣು ಕಟ್ಟಿಕೊಂಡು ಓಡಿದಂತೆಯೇ.

ದೀಪದ ವಿಷಯದಲ್ಲೂ ತಪ್ಪು ತಿಳುವಳಿಕೆ ಇದೆ. ಮಂಜು ದಟ್ಟವಾದ ಕೂಡಲೇ ದೊಡ್ಡ ಲೈಟ್ ಹಾಕುವವರೇ ಜಾಸ್ತಿ. ಮೇಲಕ್ಕೆ ಹೊಡೆದ ಬೆಳಕು ಮಂಜಿನ ಹನಿಗೆ ಬಡಿದು ತಿರುಗಿ ಚಾಲಕನ ಕಣ್ಣಿಗೇ ಬರುತ್ತದೆ. ಎದುರಿಗೆ ಬಿಳಿ ಗೋಡೆ ಎದ್ದಂತಾಗುತ್ತದೆ. ಡಿಪ್ ಮಾಡಿದರೆ ಬೆಳಕು ರಸ್ತೆಯ ಮೇಲೆ ಬೀಳುತ್ತದೆ. ಬಂಪರಿನ ಕೆಳಗೆ ಕೂರಿಸಿದ ಮಂಜು ದೀಪ ಉಪಯೋಗಕ್ಕೆ ಬರುವುದೂ ಇದೇ ಕಾರಣಕ್ಕೆ. ಈಚೆಗೆ ಜೀಪು, ಬೈಕುಗಳ ನೆತ್ತಿಗೆ ಹಚ್ಚಿಸಿಕೊಳ್ಳುವ ಕಣ್ಣು ಕುಕ್ಕುವ ಎಲ್‌ಇಡಿ ಪಟ್ಟಿಗಳು ತಮಗೂ ದಾರಿ ತೋರಿಸುವುದಿಲ್ಲ, ಎದುರಿನವನಿಗೂ ತೋರಿಸುವುದಿಲ್ಲ. ನಾಲ್ಕೂ ಇಂಡಿಕೇಟರ್ ಹಚ್ಚಿಕೊಂಡು ಓಡುವುದು ಇನ್ನೊಂದು ಚಾಳಿ. ಅವು ನಿಂತ ಗಾಡಿಗೆ. ಓಡುವ ಗಾಡಿ ಹಚ್ಚಿದರೆ ಅದು ನಿಂತಿದೆಯೋ, ಬಲಕ್ಕೆ ತಿರುಗುತ್ತದೆಯೋ ಹಿಂದಿನವನಿಗೆ ತಿಳಿಯದು. ಮುಂದಿನ ಲಾರಿಯ ಕೆಂಪು ದೀಪ ಹಿಡಿದು ಬೆನ್ನಿಗೆ ಬೆನ್ನು ಹೋಗುವುದೂ ಬೇಡ. ಅದು ರಸ್ತೆ ಬಿಟ್ಟರೆ ಹಿಂದಿನದೂ ಬಿಟ್ಟಂತೆ.

ಬೈಕಿನವರ ಕಥೆ ಬೇರೆಯೇ. ಥಂಡಿಗೆ ಹೆದರಿ ಹೆಲ್ಮೆಟ್ ಬಿಟ್ಟು ಮಂಕಿ ಟೋಪಿ, ಮಫ್ಲರ್ ಸುತ್ತಿ ಹೊರಡುವವರು ಊರ ತುಂಬ ಇದ್ದಾರೆ. ಕಿವಿಗೆ ಹಿಂದಿನ ಹಾರನ್ ಕೇಳಿಸದು, ಪಕ್ಕದ ಗಾಡಿ ಕಣ್ಣಿಗೆ ಬೀಳದು. ಹಿಂದೆ ಕೂತ ಹೆಣ್ಣುಮಗಳ ಶಾಲಿನ ಸೆರಗು ಗಾಲಿಗೆ ಸಿಕ್ಕರೆ ಮುಗಿಯಿತು. ಹೆಲ್ಮೆಟ್ಟೇ ಥಂಡಿಗೂ ಒಳ್ಳೆಯ ಟೋಪಿ. ಅದರ ಗಾಜು ಉಸಿರಿಗೆ ಮಬ್ಬಾದರೆ ಬೆರಳಗಲ ಎತ್ತಿಟ್ಟರೆ ಸಾಕು.

ಕಬ್ಬಿನ ಟ್ರಾಕ್ಟರು, ಉಳವಿ ಚಕ್ಕಡಿ, ಕಾಡುಕೋಣ

ಈ ಸೀಮೆಯ ಚಳಿಗಾಲಕ್ಕೆ ಬೇರೆ ಊರಿನಲ್ಲಿ ಇಲ್ಲದ ಮೂರು ಸಂಗತಿ ಕೂಡಿವೆ. ಮೊದಲನೆಯದು ಕಬ್ಬು. ಹಳಿಯಾಳದ ಸಕ್ಕರೆ ಕಾರ್ಖಾನೆಯ ಕಬ್ಬು ನುರಿಸುವ ಹಂಗಾಮೂ ಮಂಜಿನ ಹಂಗಾಮೂ ಒಂದೇ. ಎರಡೆರಡು ಟ್ರೇಲರ್ ಎಳೆದುಕೊಂಡು, ಅಕ್ಕಪಕ್ಕ ಕಬ್ಬಿನ ಗರಿ ಚಾಚಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಟ್ರಾಕ್ಟರುಗಳು ರಸ್ತೆಯ ಅರ್ಧ ನುಂಗುತ್ತವೆ. ಕೆಟ್ಟು ನಿಂತರೆ ಸುತ್ತ ಕಲ್ಲು ಇಡುತ್ತಾರೆ. ರಿಪೇರಿ ಆದ ಮೇಲೆ ಟ್ರಾಕ್ಟರು ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ನಸುಕಿನಲ್ಲಿ ಬಂದ ಬೈಕಿನವನಿಗೆ ಆ ಕಲ್ಲೇ ಯಮ. ಹಿಂಬದಿ ಕೆಂಪು ಪ್ರತಿಫಲಕ ಪಟ್ಟಿ ಹಚ್ಚಲು ಖರ್ಚು ಹೆಚ್ಚಿಲ್ಲ. ರಾಜ್ಯದ ಕಬ್ಬಿನ ಸೀಮೆಯ ಎಷ್ಟೋ ಕಡೆ ಪೊಲೀಸರು ಮತ್ತು ಕಾರ್ಖಾನೆಯವರು ಸೇರಿ ಈ ಪಟ್ಟಿ ಅಂಟಿಸುತ್ತಾರೆ. ಹಂಗಾಮಿನ ಮೊದಲ ದಿನವೇ ಇದು ಆಗಬೇಕು. ಪಟ್ಟಿಯಿಲ್ಲದ ಟ್ರೇಲರಿಗೆ ತೂಕವಿಲ್ಲ ಎಂಬ ಒಂದು ನಿಯಮ ಮಾಡಿದರೆ ವಾರದಲ್ಲಿ ಎಲ್ಲವೂ ಸರಿ ಹೋದೀತು.

ಎರಡನೆಯದು ಉಳವಿ ಯಾತ್ರೆ. ಭಾರತ ಹುಣ್ಣಿಮೆಯ ಹೊತ್ತಿಗೆ ಚೆನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಸಾಲುಸಾಲು ಚಕ್ಕಡಿಗಳು ಹಳಿಯಾಳ, ದಾಂಡೇಲಿ ಮೇಲೆ ಜೋಯಿಡಾ ತಾಲೂಕಿಗೆ ಇಳಿಯುತ್ತವೆ. ಎತ್ತಿನ ಕೊರಳ ಗಂಟೆ ಮುಚ್ಚಿದ ಕಾರಿನೊಳಗೆ ಕೇಳುವುದಿಲ್ಲ. ಎತ್ತುಗಳ ಕೋಡಿಗೆ, ಚಕ್ಕಡಿಯ ಹಿಂಬದಿಗೆ ಹೊಳೆಯುವ ಪಟ್ಟಿ ಅಂಟಿಸುವುದು ಭಕ್ತರ ಸೇವೆಯಲ್ಲಿ ಒಂದಾಗಲಿ. ಪ್ರಸಾದ ಹಂಚುವ ಅಂಗಡಿಕಾರರೇ ಒಂದೊಂದು ಸುರುಳಿ ಪಟ್ಟಿ ತಂದಿಟ್ಟರೆ ಅದೂ ಪುಣ್ಯದ ಕೆಲಸವೇ.

ಮೂರನೆಯದು ಕಾಡು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾದ ರಸ್ತೆಗಳಲ್ಲಿ ಕಾಡುಕೋಣ, ಜಿಂಕೆ ಅಡ್ಡ ಬರುವುದು ಹೊಸದಲ್ಲ. ಕಪ್ಪು ಮೈಯ ಕಾಡುಕೋಣ ಮಂಜಿನಲ್ಲಿ ಕಾಣುವುದೇ ಇಲ್ಲ. ಹೊಸ ವರ್ಷಕ್ಕೆಂದು ಗಣೇಶಗುಡಿಯ ರಾಫ್ಟಿಂಗಿಗೆ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬರುವ ದೂರದ ಊರಿನವರಿಗೆ ಈ ರಸ್ತೆಯ ಪರಿಚಯವಿಲ್ಲ. ಇಲ್ಲಿಯವರಿಗೆ ಪರಿಚಯ ಹೆಚ್ಚಾಗಿ ಭಯವಿಲ್ಲ. ಯಾವುದು ಹೆಚ್ಚು ಅಪಾಯ ಎಂದು ಹೇಳುವುದು ಕಷ್ಟ.

ಲಾರಿ ಮೇಲೆ ಕೂತವರ ಹಣೆಬರಹ

ಸಂತೆ ವ್ಯಾಪಾರಸ್ಥರು ಒಂದು ಮಾತು ತಿಳಿದಿರಬೇಕು. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಪರ್ಮಿಟ್ಟಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ವಿಮೆಯ ಸಂಗತಿ. 1988ರ ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ ಸರಕಿನ ಮಾಲೀಕನೋ ಅವನ ಪ್ರತಿನಿಧಿಯೋ ಸರಕಿನ ಜೊತೆ ಹೋದರೆ ವಿಮೆಯ ರಕ್ಷಣೆ ಉಂಟು. ಆದರೆ ಈ ಮಾತು ಕ್ಯಾಬಿನ್ನಿನಲ್ಲಿ ಕೂತವನಿಗೆ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿನಲ್ಲಿ ಹೇಳಿದೆ. ಮೂಟೆಯ ಮೇಲೆ ಕೂತ ಇಪ್ಪತ್ತು ಜನರ ಸಂಸಾರಗಳು ವಿಮೆ ಕಂಪನಿಯ ವಿರುದ್ಧ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾದ ಪ್ರಸಂಗ ಬರುವುದು ಇದರಿಂದ. ಬಸ್ಸಿನ ಚಾರ್ಜು ಉಳಿಸಿದ ಲೆಕ್ಕ ಆಗ ತಲೆಕೆಳಗಾಗುತ್ತದೆ.

ಹಾಗೆಂದು ವ್ಯಾಪಾರಸ್ಥರನ್ನೇ ಬೈದರೆ ಆಯಿತೇ? ನಸುಕಿನ ಸಂತೆಗೆ ಮೂರು ಬುಟ್ಟಿ ಟೊಮೆಟೊ ಹೊತ್ತು ಬಂದ ಮುದುಕಿಯನ್ನು ಯಾವ ಬಸ್ಸು ಹತ್ತಿಸಿಕೊಳ್ಳುತ್ತದೆ? ಲಗೇಜಿನ ತಕರಾರು, ಜಾಗದ ತಕರಾರು. ಸಂತೆ ದಿನಗಳಲ್ಲಿ ಹಿಂದಿನ ಸೀಟು ತೆಗೆದು ಸರಕಿಗೂ ಜಾಗವಿರುವ ಬಸ್ಸೊಂದನ್ನು ಸಾರಿಗೆ ಸಂಸ್ಥೆ ಬಿಟ್ಟರೆ ಲಾರಿ ಹತ್ತುವವರು ತಾವಾಗಿಯೇ ಇಳಿಯುತ್ತಾರೆ. ಬರೀ ದಂಡ ಹಾಕಿದರೆ ಲಾರಿ ಹಗಲು ಬಿಟ್ಟು ಇನ್ನೂ ಕತ್ತಲಲ್ಲಿ ಹೊರಡುತ್ತದೆ.

ಇನ್ನು ಆಸ್ಪತ್ರೆ. ಅರಬೈಲಿನ ಗಾಯಾಳುಗಳಲ್ಲಿ ಹಲವರನ್ನು ಹುಬ್ಬಳ್ಳಿಗೆ ಒಯ್ಯಬೇಕಾಯಿತು. ಜಿಲ್ಲೆಗೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಬಹಳ ವರ್ಷದ್ದು. ತಲೆಗೆ ಪೆಟ್ಟು ಬಿದ್ದವನಿಗೆ ಮೊದಲ ತಾಸೇ ಪ್ರಾಣ. ಆ ತಾಸು ಮಂಜಿನಲ್ಲಿ ಧಾರವಾಡ ರಸ್ತೆಯ ಮೇಲೆಯೇ ಕಳೆದು ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಹೊರಡಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿಯಾದ ಆಸ್ಪತ್ರೆಗಳಲ್ಲಿ ಏಳು ದಿನದ ತನಕ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನಿಗೆ 2019ರ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ತನ್ನ ಹೆಸರು, ವಿಳಾಸ ಹೇಳಲೇಬೇಕೆಂಬ ಕಡ್ಡಾಯವೂ ಇಲ್ಲ. ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕಾದೀತೆಂದು ಮುಖ ತಿರುಗಿಸಿ ಹೋಗುವ ಕಾರಣ ಉಳಿದಿಲ್ಲ. 108 ಮತ್ತು 112, ಈ ಎರಡು ನಂಬರು ಅಂಗಡಿಯ ಗೋಡೆಯ ಮೇಲೆ ಬರೆದಿಟ್ಟರೆ ಲುಕ್ಸಾನಿಲ್ಲ.

ಅವಸರ ಯಾರದು?

ಅಪಘಾತ ಆದ ಕೂಡಲೇ ಎಲ್ಲರ ಬೆರಳು ಚಾಲಕನ ಕಡೆ. ಚಾಲಕನ ತಪ್ಪು ಇರಬಹುದು. ಆದರೆ ಅವನ ಬೆನ್ನಿಗೆ ಯಾರು ನಿಂತಿದ್ದಾರೆ? ಏಳಕ್ಕೆ ಮಾಲು ಬಾರದಿದ್ದರೆ ಫೋನಿನ ಮೇಲೆ ಫೋನು ಹಚ್ಚುವ ಅಂಗಡಿಕಾರ ಇದ್ದಾನೆ. ಬಸ್ಸು ಹತ್ತು ನಿಮಿಷ ತಡವಾದರೆ ನಿರ್ವಾಹಕನ ಮೇಲೆ ಹರಿಹಾಯುವ ಪ್ರಯಾಣಿಕ ಇದ್ದಾನೆ. ಪಾಳಿಗೆ ಐದು ನಿಮಿಷ ತಡವಾದರೆ ಸಂಬಳ ಕತ್ತರಿ ಎಂಬ ಭಯದ ಕಾರ್ಮಿಕ ಇದ್ದಾನೆ. ಮೇ ತಿಂಗಳಿಗೆ ಮಾಡಿದ ವೇಳಾಪಟ್ಟಿಯನ್ನೇ ಜನವರಿಗೂ ಓಡಿಸುವ ಇಲಾಖೆ ಇದೆ. ಎಲ್ಲರೂ ಸೇರಿ ಆ ಒಬ್ಬನ ಕಾಲನ್ನು ಆಕ್ಸಿಲೇಟರ್ ಮೇಲೆ ಒತ್ತುತ್ತಾರೆ.

ಥಂಡಿ ಕಾಲಕ್ಕೆ ಇದನ್ನು ಸಡಿಲಿಸುವುದು ಅಷ್ಟು ಕಷ್ಟವಲ್ಲ. ಡಿಸೆಂಬರ್, ಜನವರಿ ಎರಡು ತಿಂಗಳ ಮಟ್ಟಿಗೆ ಮೊದಲ ಬಸ್ಸುಗಳ ಓಡುವ ಸಮಯಕ್ಕೆ ಹದಿನೈದು ಇಪ್ಪತ್ತು ನಿಮಿಷ ಕೂಡಿಸಲಿ. ಕಾಯಿಪಲ್ಲೆ ಒಂದು ತಾಸು ತಡವಾದರೆ ಬಿಸಿಲುಗಾಲದಲ್ಲಿ ಬಾಡುತ್ತದೆ ನಿಜ, ಥಂಡಿಯಲ್ಲಿ ಬಾಡುವುದಿಲ್ಲ. ಸಂತೆಯಲ್ಲಿ ಓಟ ಇರುವುದು ಗಿರಾಕಿಗಲ್ಲ, ಜಾಗಕ್ಕೆ. ಮೊದಲು ಬಂದವನಿಗೆ ಬಾಗಿಲ ಬಳಿಯ ಕಟ್ಟೆ, ಕೊನೆಗೆ ಬಂದವನಿಗೆ ಗಟಾರದ ಬದಿ. ಆದ್ದರಿಂದ ಪುರಸಭೆ, ನಗರಸಭೆ, ಪಂಚಾಯಿತಿಗಳು ಸಂತೆಕಟ್ಟೆಗೆ ನಂಬರು ಹಾಕಿ ಮೊದಲೇ ಜಾಗ ಗೊತ್ತುಮಾಡಿದರೆ ಲಾರಿಯ ಓಟ ಅರ್ಧ ಇಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ಡಬ್ಬಿ ಸುಣ್ಣ, ಒಂದು ರಿಜಿಸ್ಟರು.

ರಸ್ತೆ ಇಲಾಖೆಯ ಪಾಲೂ ಇದೆ. ಘಟ್ಟದ ತಿರುವಿಗೆ ಕಬ್ಬಿಣದ ತಡೆ, ರಸ್ತೆಯ ಎರಡೂ ಅಂಚಿಗೆ ಬಿಳಿ ಗೆರೆ, ಸೇತುವೆಯ ಬಾಯಿಗೆ ಹೊಳೆಯುವ ಫಲಕ. ಮಂಜಿನಲ್ಲಿ ಚಾಲಕನಿಗೆ ದಾರಿ ತೋರಿಸುವುದು ಆ ಬಿಳಿ ಗೆರೆ ಒಂದೇ. ಮಳೆಗಾಲದಲ್ಲಿ ಅಳಿಸಿದ ಗೆರೆಯನ್ನು ಮಾರ್ಚಿನಲ್ಲಿ ಬಿಲ್ಲು ಆಗಲೆಂದು ಬಳಿಯುವುದಕ್ಕಿಂತ ನವೆಂಬರಿನಲ್ಲೇ ಬಳಿದರೆ ಖರ್ಚು ಅಷ್ಟೇ, ಉಪಯೋಗ ಹೆಚ್ಚು. ಕಿರಿದಾದ ಇಳುಕಲಿನಲ್ಲಿ ಏರಿ ಬರುವ ಗಾಡಿಗೆ ಇಳಿಯುವವನು ನಿಂತು ದಾರಿ ಕೊಡಬೇಕೆಂಬ ನಿಯಮ ಪುಸ್ತಕದಲ್ಲಿದೆ. ಅದನ್ನು ಘಟ್ಟದ ತಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ನಿಲ್ಲಿಸಲು ಯಾರ ಅಪ್ಪಣೆ ಬೇಕು?

ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ ಎಂದು ಬರೆದು ಮುಗಿಸುವುದು ವಾಡಿಕೆ. ಈ ವಿಷಯದಲ್ಲಿ ಸಂಬಂಧಪಡದವರು ಯಾರೂ ಇಲ್ಲ. ಇಲಾಖೆಯವರು ಏಳುವ ಹೊತ್ತಿಗೆ ಮಂಜು ಕರಗಿರುತ್ತದೆ. ಅಲ್ಲಿತನಕ ಅಂಗಡಿಕಾರರು ಒಂದು ತಾಸು ತಡೆದು ಶಟರ್ ಎತ್ತಲಿ, ಮಾಲಿನ ಚಾಲಕನಿಗೆ ಎಂಟಕ್ಕೆ ಬಂದರೂ ನಡೆದೀತು ಎಂದು ಹಿಂದಿನ ರಾತ್ರಿಯೇ ಹೇಳಿಬಿಡಲಿ. ಬಸ್ಸಿನಲ್ಲಿ ಕೂತವರು ಚಾಲಕ ನಿಧಾನ ಮಾಡಿದಾಗ ಗಡಿಯಾರ ನೋಡದೆ ಕಿಟಕಿಯ ಹೊರಗೆ ನೋಡಲಿ. ಏನೂ ಕಾಣದಿದ್ದರೆ, ಅವನಿಗೂ ಏನೂ ಕಾಣುತ್ತಿಲ್ಲ ಎಂದು ತಿಳಿದರಾಯಿತು.